ಸಲಿಕೆಗೊಂದು ಹೆಸರು

ನಮ್ಮ ಕನ್ನಡ ಸಂಘದ ಮಾಸಪತ್ರಿಕೆಗೆ ಅರ್ಧ ಪುಟ ಬರೆದುಕೊಡಿ ಎಂದು ಕಳೆದ ವಾರ ಕಾರ್ಯದರ್ಶಿ ಚೀಟಿ ಬರೆದು ಕಳುಹಿಸಿದ್ದರು. ಹಿಂದೆ ಸಂಘದ ಶಾಲೆಯಲ್ಲಿ ಜವಾನ ಕೆಲಸದ ಸಿಪಾಯಿಯಾಗಿದ್ದ ಹೆಂಗಸು ಕಲ್ಯಾಣದಲ್ಲಿ ತೀರಿಕೊಂಡಿದ್ದಾಳೆ, ಅವಳನ್ನು ಹೆಚ್ಚು ಬಲ್ಲವರು ನೀವೇ, ‘ನಿಷ್ಠಾವಂತ ಸೇವಕಿ’ ಎಂಬ ತಲೆಬರಹವನ್ನು ಈಗಾಗಲೇ ಅಚ್ಚಿಗೆ ಕೊಟ್ಟಾಗಿದೆ, ಅದರ ಕೆಳಗೆ ತುಂಬಿಸಿಕೊಟ್ಟರೆ ಸಾಕು ಎಂದರು. ನಾನು ಕೊಡಲಿಲ್ಲ. ನಿಷ್ಠಾವಂತ ಎಂಬ ಶಬ್ದ ಓದಿಯೇ ಮೈ ಉರಿದುಹೋಯಿತು. ಆಕೆಯನ್ನು ಕೆಲಸದಿಂದ ತೆಗೆದುಹಾಕಿದ್ದು ಇದೇ ಸಂಘ. ತೆಗೆದುಹಾಕಿದ್ದು ಆ ಕಾರ್ಯದರ್ಶಿ ಕೂತು ಚೀಟಿ ಬರೆದ ಅದೇ ಕೋಣೆಯಲ್ಲಿ.

ಅರ್ಧ ಪುಟದ ಬದಲು ಇದನ್ನು ಬರೆಯುತ್ತಿದ್ದೇನೆ. ಆಕೆಯ ಹೆಸರು ಹಾಕುವುದಿಲ್ಲ. ಹಾಕಿದರೆ ಅವರು ಅದನ್ನು ಎತ್ತಿಕೊಂಡು ತಮ್ಮ ತಲೆಬರಹದ ಕೆಳಗೆ ಕೂರಿಸಿಕೊಳ್ಳುತ್ತಾರೆ. ಹಳೆಯ ದಿನಚರಿಗಳನ್ನು ಪಕ್ಕದಲ್ಲಿಟ್ಟುಕೊಂಡಿದ್ದೇನೆ, ಏಕೆಂದರೆ ನನ್ನ ನೆನಪನ್ನು ನಾನು ನಂಬುವುದಿಲ್ಲ. ಅದು ಯಾವಾಗಲೂ ನನ್ನ ಪಕ್ಷ ವಹಿಸುತ್ತದೆ.

ಮುಂಬಯಿ ಪಕ್ಕದ ಡೊಂಬಿವಲಿಯ ಆ ಕನ್ನಡ ಶಾಲೆಗೆ ನಾನು ಭೂಗೋಳದ ಶಿಕ್ಷಕಿಯಾಗಿ ಸೇರಿದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಧಾರವಾಡದಲ್ಲಿ ಎಂ.ಎ. ಮುಗಿಸಿ, ಮದುವೆಯಾಗಿ ಬಂದು ವರ್ಷವಾಗಿತ್ತು. ಆಕೆ ನನಗಿಂತ ಮೊದಲೇ ಅಲ್ಲಿದ್ದಳು. ಎಲ್ಲರೂ ಮಾವಶಿ ಎನ್ನುತ್ತಿದ್ದರು. ಮರಾಠಿಯಲ್ಲಿ ಹಾಗೆಂದರೆ ಚಿಕ್ಕಮ್ಮ. ಈ ಕಡೆಯ ಶಾಲೆಗಳಲ್ಲಿ ಕಸ ಗುಡಿಸಿ, ಗಂಟೆ ಬಾರಿಸಿ, ನೋಟೀಸು ಪುಸ್ತಕ ತಿರುಗಿಸುವ ಹೆಂಗಸರಿಗೆಲ್ಲ ಅದೇ ಹೆಸರು. ಬಿಜಾಪುರ ಜಿಲ್ಲೆಯವಳು. ಎತ್ತರದ ಮೈ, ಗಂಟು ಗಂಟಾದ ಮುಂಗೈ. ಎಡಗೈಯ ಎರಡು ಬೆರಳುಗಳಿಗೆ ತುದಿ ಇರಲಿಲ್ಲ. ಯಾವ ಭಾರ ಎಳೆಯುವ ಮೊದಲೂ, ನೀರಿನ ಬಕೆಟ್ಟಾಗಲಿ ಬೆಂಚಾಗಲಿ, ಸೆರಗಿನ ತುದಿಯನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಳ್ಳುತ್ತಿದ್ದಳು. ತುಂಡು ತುಂಡಾಗಿ ಮಾತಾಡುವುದು ಅವಳ ರೀತಿ. ಒಂದು ಮಾತು, ಒಂದು ನಿಲುಗಡೆ. ಮೆಟ್ಟಿಲ ಮೇಲೆ ಕಿರುಚಾಡುವ ಹುಡುಗರಿಗೆ, “ಉಸುರು ಖರ್ಚ ಮಾಡಬ್ಯಾಡ್ರಿ,” ಎಂದು ಗದರಿಸುತ್ತಿದ್ದಳು. ಉಸಿರನ್ನು ಖರ್ಚಿನ ಬಾಬತ್ತಾಗಿ ಎಣಿಸುವವರನ್ನು ನಾನು ಬೇರೆ ಕಂಡಿರಲಿಲ್ಲ.

ವಾರ್ಷಿಕೋತ್ಸವದ ಶರಬತ್ತಿಗೆಂದು ಒಮ್ಮೆ ಶಹಾಡದ ಕಡೆಯ ಕಾರ್ಖಾನೆಯಿಂದ ಬರ್ಫಿನ, ಎಂದರೆ ಮಂಜುಗಡ್ಡೆಯ, ದೊಡ್ಡ ಲಾದಿ ಬಂತು. ಗೋಣಿತಟ್ಟು ಸುತ್ತಿದ್ದರೂ ಇಬ್ಬರು ಗಂಡಸು ಮಾಸ್ತರರು ಕೈ ಕೈ ಬದಲಿಸುತ್ತ, ಊದಿಕೊಳ್ಳುತ್ತ ಹೊತ್ತು ತಂದರು. ಮಾವಶಿ ಬಾಗಿಲಲ್ಲಿ ನಿಂತು ನೋಡಿದಳು.

“ಏನ್ ಸರ್, ಬಾಣಂತಿ ಕೂಸು ಹೊತ್ತಂಗ ಹೊತ್ತೀರಿ?”

“ಕೈ ಕೊರೀತಾವ ಮಾವಶಿ. ಬರ್ಫ ಇದು.”

“ಇದಕ್ಕ ಬರ್ಫ ಅಂತೀರಿ?” ಎಂದು ಲಾದಿಯನ್ನು ತಟ್ಟಿನ ಸಮೇತ ಎದೆಗವಚಿಕೊಂಡು ಒಳಗೆ ಒಯ್ದಳು. ಎಲ್ಲರೂ ನಕ್ಕರು. ಬೆರಳ ತುದಿ ಎಲ್ಲಿ ಹೋಯಿತು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನನಗೆ ಅದು ಗೊತ್ತಾದದ್ದು ಒಂಬತ್ತನೆಯ ತರಗತಿಯ ಪಾಠವೊಂದರಿಂದ. ಹಿಮಾಲಯದ ಕಣಿವೆ ಮಾರ್ಗಗಳು. ಒಂದು ಮಾರ್ಗವನ್ನು ನಕ್ಷೆಯಲ್ಲಿ ಕೋಲಿನಿಂದ ತೋರಿಸಿ, ಪುಸ್ತಕದಲ್ಲಿದ್ದಂತೆ ಹೇಳಿದೆ: ಇದು ಚಳಿಗಾಲದಲ್ಲಿ ಹಿಮದಿಂದ ಮುಚ್ಚಿಹೋಗುತ್ತದೆ, ಬೇಸಿಗೆಯಲ್ಲಿ ತೆರೆಯುತ್ತದೆ. ಬಾಗಿಲಲ್ಲಿ ನೋಟೀಸು ಪುಸ್ತಕ ಹಿಡಿದು ನಿಂತಿದ್ದ ಮಾವಶಿ ಕೇಳಿದಳು:

“ತನ್ನಷ್ಟಕ್ಕ ತಾನ ತೆರೀತದೇನ್ರಿ ಬಾಯಾರ?”

ಶಿಕ್ಷಕಿಯರನ್ನು ಆಕೆ ಬಾಯಾರ ಎನ್ನುತ್ತಿದ್ದಳು. ತರಗತಿ ಗೊಳ್ಳೆಂದಿತು. ಹಿಂದಿನ ಬೆಂಚಿನ ಒಬ್ಬ ಹಿಂದಿಯಲ್ಲಿ, “ಮಾವಶಿ, ತುಮ್ ಗಯೇ ಥೇ ಕ್ಯಾ ಉಧರ್?” ಎಂದ.

“ಹೋಗಿದ್ದೆ. ನೀ ಆವಾಗ ನಿಮ್ಮವ್ವನ ಹೊಟ್ಟಿಯೊಳಗೂ ಇದ್ದಿದ್ದಿಲ್ಲ,” ಎಂದು ನನ್ನ ಸಹಿ ಹಾಕಿಸಿಕೊಂಡು ಹೋದಳು.

ಆ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನೇ ಹೋಗಿ ಕೇಳಿದೆ. ಮದುವೆಯಾದ ಹೊಸದರಲ್ಲಿ ಆಕೆ, ಗಂಡ, ಇವರ ಊರ ಸುತ್ತಿನ ಮಂದಿ, ಅಂಬರನಾಥದ ಕಾರ್ಖಾನೆ ಶೆಡ್ಡುಗಳಿಗೆ ಕಲ್ಲು ಒಡೆಯುತ್ತಿದ್ದರಂತೆ. ಕೆಲಸ ಮುಗಿದಾಗ ಕೂಲಿಗಳ ಮೇಸ್ತ್ರಿ ಮುಕಾದಮ ಇಡೀ ಗುಂಪನ್ನು, ಅವರ ಮಾತಿನಲ್ಲಿ ಟೋಳಿಯನ್ನು, ಕಲ್ಯಾಣದಲ್ಲಿ ರೈಲು ಹತ್ತಿಸಿದ. ಮೂರು ದಿನ ರೈಲು, ಆಮೇಲೆ ಟ್ರಕ್ಕು, ಆಮೇಲೆ ನಡಿಗೆ. ಆ ಮಾರ್ಗಕ್ಕೆ ಆಗ ರಸ್ತೆ ಮಾಡುತ್ತಿದ್ದರು. ಆಕೆ ಅದನ್ನು ಘಾಟ ಎನ್ನುತ್ತಿದ್ದಳು, ಖಂಡಾಳಾ ಘಾಟಕ್ಕೆ ಅನ್ನುವ ಹಾಗೆ. ಎರಡು ಬೇಸಿಗೆ ಅಲ್ಲಿದ್ದಳು. ಬೆರಳ ತುದಿ ಹೋದದ್ದು ಅಲ್ಲಿನ ಬರ್ಫಕ್ಕೆ.

ಶಾಲೆಯ ಅಂಗಳದಲ್ಲಿ ಮೇಲಂತಸ್ತಿನ ಕಟ್ಟಡಕ್ಕೆ ತಂದು ಸುರಿದ ಮರಳಿತ್ತು. ಒಂದು ಸಲಿಕೆ ತಂದು, ಅದರ ತಗಡಿನ ಬುಡಕ್ಕೆ ಬಾವಿಹಗ್ಗ ಕಟ್ಟಿ, ಹಿಡಿಕೆಯನ್ನು ನನ್ನ ಕೈಗೆ ಕೊಟ್ಟಳು. ಹಗ್ಗದ ಇನ್ನೊಂದು ತುದಿ ತಾನು ಹಿಡಿದು ಎದುರು ನಿಂತಳು.

“ನೀವು ಚುಚ್ಚ್ರಿ. ನಾ ಜಗ್ತೀನಿ.”

ನಾನು ಚುಚ್ಚಿದೆ, ಆಕೆ ಜಗ್ಗಿದಳು. ಮರಳು ಹಗುರಾಗಿ ಹಾರಿ ಆಚೆ ಬಿತ್ತು. ಆ ಎತ್ತರದಲ್ಲಿ ಒಬ್ಬರೇ ಸಲಿಕೆ ಎತ್ತಿದರೆ ಹತ್ತು ಸಲಕ್ಕೆ ಕಣ್ಣು ಕತ್ತಲೆ ಬರುತ್ತದಂತೆ, ಗಾಳಿ ಸಾಲುವುದಿಲ್ಲ. ಅದಕ್ಕೆ ಒಂದು ಸಲಿಕೆಗೆ ಇಬ್ಬರು: ಹಿಡಿಕೆಗೆ ಗಂಡಸು, ಹಗ್ಗಕ್ಕೆ ಹೆಚ್ಚಾಗಿ ಅವನ ಹೆಂಡತಿ. ದಾರಿ ಕಡಿದದ್ದೂ ಹಾಗೆಯೇ, ಚಳಿಗಾಲ ಕಳೆದ ಮೇಲೆ ಅದನ್ನು ತೆರೆದದ್ದೂ ಹಾಗೆಯೇ.

“ಹಾಜರಿ ಹೆಂಗ ಹಿಡೀತಿದ್ರು ಹಂಗಾದ್ರ?” ಎಂದೆ.

“ಸಲಿಕಿಗೊಂದು ಹೆಸರ. ಹಿಡಿಕಿ ಹಿಡದವಂದು.”

“ನಿಮ್ಮದು?”

“ಹಗ್ಗಕ್ಕ ಹೆಸರಿರ್ಲಿಲ್ರಿ.”

ಇದನ್ನು ಆಕೆ ದೂರಿನಂತೆ ಹೇಳಲಿಲ್ಲ. ಸಿಟ್ಟು ಬಂದದ್ದು ನನಗೆ. ಆದರೆ ಆ ಸಿಟ್ಟಿನಿಂದ ನಾನು ಏನು ಮಾಡಿದೆ ಎಂದು ದಿನಚರಿಯಲ್ಲಿ ಹುಡುಕಿದರೆ ‘ಮಾವಶಿಯ ಸಲಿಕೆಯ ಕತೆ, ಬಹಳ ಸ್ವಾರಸ್ಯ’ ಎಂದಷ್ಟೇ ಇದೆ. ಸ್ವಾರಸ್ಯ ಎಂದು ಬರೆದಿದ್ದೇನೆ.

ಕೆಲಸ ಹೋದ ಮೇಲೆ ಒಮ್ಮೆ ಸಿಕ್ಕಿದ್ದಳು, ವಾಶಿಯ ಹೊಸ ಸಗಟು ಮಾರುಕಟ್ಟೆಯಲ್ಲಿ. ಈರುಳ್ಳಿ ಆರಿಸುವ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ನಾನು ಮುಖ ಮರೆಸಿಕೊಂಡು ಹೋಗಬೇಕೆಂದಿದ್ದೆ, ಅವಳೇ ಕರೆದಳು. ಹೇಗಿದ್ದೀರಿ ಎಂದು ನಾನು ಕೇಳುವ ಮೊದಲೇ, “ಈ ವರ್ಷ ಘಾಟದ ಪಾಠಾ ಆತೇನ್ರಿ?” ಎಂದಳು.

“ಆಯ್ತು.”

“ಏನ್ ಹೇಳಿದ್ರಿ?”

“ತೆರೆಯುತ್ತದೆ ಅನ್ನಲಿಲ್ಲ. ತೆರೆಯುತ್ತಾರೆ ಅಂದೆ.”

“ಹಾಂ,” ಎಂದು ಕೊಳೆತದ್ದೊಂದನ್ನು ಆಚೆ ಎಸೆದಳು. ಅಷ್ಟೇ. ನನ್ನನ್ನು ಬೈದಿದ್ದರೆ ಈ ಬರಹ ನನಗೆ ಸುಲಭವಾಗುತ್ತಿತ್ತು.

ಕೆಲಸ ಹೋದದ್ದು ಹೀಗೆ. ಸಂಘದ ದೊಡ್ಡ ಸಮಾರಂಭವೊಂದಕ್ಕೆ ಸ್ಮರಣ ಸಂಚಿಕೆ ತರುವುದೆಂದಾಯಿತು. ಭಾಷೆ ಚೆನ್ನಾಗಿದೆ ಎಂದು ಸಂಪಾದಕತ್ವ ನನಗೆ ಕಟ್ಟಿದರು. ಮುಖ್ಯ ಅತಿಥಿ, ಠಾಣೆಯಲ್ಲಿ ನೆಲೆಸಿದ್ದ ಒಬ್ಬ ನಿವೃತ್ತ ಸರ್ಕಾರಿ ಎಂಜಿನಿಯರು, ಮೈಸೂರಿನ ಕಡೆಯವರು. ಅವರ ಹಿರಿಮೆ ಎಂದರೆ ಅದೇ ಮಾರ್ಗದ ರಸ್ತೆ. ಅದರ ಬಗ್ಗೆ ಎಂಟು ಪುಟದ ಲೇಖನ ಕೊಟ್ಟರು. ನಾನು ಕರಡಚ್ಚು ತಿದ್ದುತ್ತಿರುವಾಗ ಮಾವಶಿ ಕಸಬರಿಗೆ ಹಿಡಿದು ಪಕ್ಕದಲ್ಲಿ ನಿಂತಳು. ನಿಮ್ಮ ಘಾಟದ್ದೇ, ಕೇಳಿ ಎಂದು ನಾನು ಖುಷಿಯಿಂದ ಓದತೊಡಗಿದೆ. ಆಕೆಗೆ ಓದಲು ಬರುತ್ತಿರಲಿಲ್ಲ. ಪಗಾರಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದಳು. ಗಾಳಿಯ ವೇಗ, ಕಲ್ಲಿನ ಜಾತಿ, ತಿರುವುಗಳ ಸಂಖ್ಯೆ. ಐದನೆಯ ಪುಟದಲ್ಲಿ ಈ ಸಾಲು ಬಂತು:

‘ಅಪಾಯದ ಸೂಚನೆಯನ್ನು ಲೆಕ್ಕಿಸದೆ ಕಟ್ಟಿಗೆ ಆರಿಸಲು ಹೋದ ಏಳು ಮಂದಿ ಕೂಲಿಗಳು ಹಿಮಪಾತಕ್ಕೆ ಬಲಿಯಾದದ್ದನ್ನು ಬಿಟ್ಟರೆ ಕಾಮಗಾರಿ ನಿರ್ವಿಘ್ನವಾಗಿ ಸಾಗಿತು.’

“ಇನ್ನೊಮ್ಮಿ ಓದ್ರಿ,” ಎಂದಳು. ಓದಿದೆ.

“ಕಟ್ಟಿಗಿ?” ಎಂದಳು. “ಆ ಘಾಟದ ಮ್ಯಾಲ ಒಂದು ಗಿಡಾ ಇಲ್ಲ. ಹುಲ್ಲಕಡ್ಡಿ ಇಲ್ಲ. ಎಲ್ಲಿ ಕಟ್ಟಿಗಿ ಆರಸ್ತಾರ?”

ನಾನು ಭೂಗೋಳ ಓದಿದವಳು. ಇಷ್ಟು ಎತ್ತರದ ಮೇಲೆ ಮರ ಬೆಳೆಯುವುದಿಲ್ಲ ಎಂದು ವರ್ಷ ವರ್ಷ ಬೋರ್ಡಿನ ಮೇಲೆ ಗೆರೆ ಎಳೆದು ಕಲಿಸಿದವಳು. ಆ ಸಾಲನ್ನು ಎರಡು ಸಲ ತಿದ್ದಿ, ಒಂದು ದೀರ್ಘ ಸರಿಮಾಡಿ ಮುಂದೆ ಹೋಗಿದ್ದೆ.

ಆಮೇಲೆ ಆಕೆ ಹೇಳಿದ್ದು ಇಷ್ಟು. ದಿಲ್ಲಿಯಿಂದ ದೊಡ್ಡ ಸಾಹೇಬರು ಬರುವವರಿದ್ದರು. ಅಷ್ಟರೊಳಗೆ ದಾರಿ ತೆರೆಯಬೇಕಿತ್ತು. ಮೇಲಿನ ಇಳಿಜಾರಿನಲ್ಲಿ ಬರ್ಫ ಸಡಿಲಾಗಿದೆ, ಬೇಡ ಎಂದು ಟೋಳಿಯವರೇ ಹೇಳಿದರು. ಹೋಗಿ ಎಂದು ಹುಕುಂ ಆಯಿತು. ಏಳು ಸಲಿಕೆ ಹೋದವು. ಮಾವಶಿಗೆ ಆ ದಿನ ಬೆರಳು ಕಪ್ಪಾಗಿ ಬಾತಿದ್ದವು. ಅವಳ ಹಗ್ಗವನ್ನು ಇನ್ನೊಬ್ಬ ಹೆಂಗಸು ಹಿಡಿದಳು. ಜಾರಿಬಂದ ಬರ್ಫದಡಿ ಹದಿನಾಲ್ಕು ಮಂದಿ ಹೋದರು. ಅವರಲ್ಲಿ ಆಕೆಯ ಗಂಡ ಒಬ್ಬ. ಒಮ್ಮೆ ಹದಿಮೂರು ಎಂದಿದ್ದಳೇನೋ ಎಂಬ ಅನುಮಾನ ನನಗಿದೆ. ಆದರೆ ಆ ಅನುಮಾನ ಹುಟ್ಟಿದ್ದು ಯಾವಾಗ, ನನಗೆ ಅನುಕೂಲವಾದಾಗಲೋ ಎಂದೂ ಅನುಮಾನವಿದೆ.

“ಸತ್ತದ್ದು ಸತ್ತ್ರು,” ಎಂದಳು. “ಹುಕುಂ ಕೇಳಿ ಸತ್ತ್ರು. ಹುಕುಂ ಮೀರಿ ಸತ್ತ್ರು ಅಂತ ಬರದ್ರ ನಾ ಹೆಂಗ ಸುಮ್ಮ ಇರ್ಲಿ? ಆ ಸಾಲ ತಗೀರಿ ಬಾಯಾರ. ಮತ್ತೇನೂ ಬ್ಯಾಡ ನನಗ.”

ಒಂದು ಭಾನುವಾರ ಬೆಳಿಗ್ಗೆ ಆಕೆಯನ್ನು ಕರೆದುಕೊಂಡು ಠಾಣೆಗೆ ಹೋದೆ. ಎಂಜಿನಿಯರು ಸಭ್ಯರು. ಆಕೆಯನ್ನು ಸೋಫಾದ ಮೇಲೆ ಕೂರಿಸಿದರು, ತಾಯಿ ಎಂದು ಮಾತಾಡಿಸಿದರು. ಗೋಡೆಯ ಮೇಲೆ ಮಾರ್ಗದ ದೊಡ್ಡ ಫೋಟೋ ಇತ್ತು: ಬಿಳಿ ಗೋಡೆಗಳ ನಡುವೆ ಕಪ್ಪು ದಾರಿ, ತಂಪು ಕನ್ನಡಕ ಹಾಕಿದ ನಾಲ್ವರು ಅಧಿಕಾರಿಗಳು. ಅಷ್ಟೆತ್ತರದ ಬಿಳಿ ಗೋಡೆಗಳನ್ನು ಕಡಿದವರು ಯಾರೂ ಅದರಲ್ಲಿರಲಿಲ್ಲ.

“ಯಾವ ಗ್ಯಾಂಗಿನಲ್ಲಿದ್ರಿ ತಾಯಿ?”

“ಬಿಜಾಪುರ ಟೋಳಿರಿ.”

“ಹಾಜರಿಯಲ್ಲಿ ನಿಮ್ಮ ಹೆಸರು?”

“ಇಲ್ರಿ. ನಾ ಹಗ್ಗದಾಕಿ.”

ಅವರಿಗೆ ಅರ್ಥವಾಯಿತು. ಹಗ್ಗದವರು ಎಂದರೆ ಯಾರು ಎಂದು ಕೇಳಲಿಲ್ಲ ಎಂಬುದೇ ಸಾಕ್ಷಿ. “ಅವರ ಲೆಕ್ಕ ಗುತ್ತಿಗೆದಾರರದ್ದು, ನಮ್ಮದಲ್ಲ. ನಮ್ಮ ದಾಖಲೆಯಲ್ಲಿ ಏಳು ಜನ,” ಎಂದರು.

“ಏಳು ಸಲಿಕಿರಿ. ಮಂದಿ ಹದಿನಾಕು.”

“ಸರ್, ಅಷ್ಟು ಎತ್ತರದಲ್ಲಿ ಮರವೇ ಇರೋದಿಲ್ಲ,” ಎಂದು ನಾನು ಬಾಯಿ ಹಾಕಿದೆ. “ಕಟ್ಟಿಗೆ ಎಲ್ಲಿಂದ ಬರಬೇಕು?”

ಅವರು ಚಹಾದ ಕಪ್ಪನ್ನು ನನ್ನ ಕಡೆ ಸರಿಸಿದರು. “ನಾನು ಅವತ್ತು ಕೆಳಗಿನ ಕ್ಯಾಂಪಿನಲ್ಲಿದ್ದೆ. ಮೇಲಿಂದ ಬಂದ ವರದಿಗೆ ಸಹಿ ಹಾಕಿದೆ. ಈಗ ಅದನ್ನ ಬದಲಾಯಿಸಿದ್ರೆ ನಾನು ಸುಳ್ಳು ಹೇಳಿದ ಹಾಗಾಗುತ್ತೆ, ನೋಡಿ.”

“ನೀವು ಇದ್ದಿದ್ದಿಲ್ರಿ. ನಾ ಇದ್ದೆ,” ಎಂದಳು ಮಾವಶಿ.

“ದಾಖಲೆ ಪ್ರಕಾರ ನೀವೂ ಇರಲಿಲ್ಲವಲ್ಲ ತಾಯಿ.”

ಅದನ್ನು ಅವರು ಕೊಂಕಿನಿಂದ ಹೇಳಲಿಲ್ಲ. ಹವಾಮಾನ ಹೇಳಿದಂತೆ ಹೇಳಿದರು. ನಮ್ಮಲ್ಲಿ ಅನ್ಯಾಯ ಬಾಗಿಲು ತೆಗೆದು ಕೂರಿಸುತ್ತದೆ, ಚಹಾ ಕೊಡುತ್ತದೆ, ಲಿಫ್ಟಿನವರೆಗೆ ಬಂದು ಬೀಳ್ಕೊಡುತ್ತದೆ. ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ನಾನು ಕುದಿಯುತ್ತಿದ್ದೆ. ಮಾವಶಿ ಕಡಲೆಕಾಯಿ ಸುಲಿಯುತ್ತಿದ್ದಳು.

“ಸಿಟ್ಟಿಗೆ ಎಷ್ಟ ಉಸುರು ಖರ್ಚ ಮಾಡ್ತೀರಿ,” ಎಂದಳು. “ಪುಸ್ತಕ ನಿಮ್ಮ ಕೈಯಾಗ ಐತಿ. ತಗದಬಿಡ್ರಿ.”

“ತೆಗೀತೀನಿ,” ಎಂದೆ.

ತೆಗೆಯುವುದು ಕಷ್ಟವಿರಲಿಲ್ಲ. ಮೊಳೆ ಜೋಡಿಸುವ ಛಾಪಖಾನೆ. ಚಿಮಟದಿಂದ ಒಂದೂವರೆ ಸಾಲು ಎತ್ತಿ ಪಕ್ಕಕ್ಕಿಟ್ಟರೆ ಮುಗಿಯಿತು. ಆದರೆ ನಾನು ಸಂಘದ ಅಧ್ಯಕ್ಷರಿಗೆ ಒಂದು ಮಾತು ಹೇಳಲು ಹೋದೆ. ಹುಬ್ಬಳ್ಳಿಯ ಕಡೆಯ ಬಟ್ಟೆ ವ್ಯಾಪಾರಿ ಅವರು. “ಒಂದ ಅಕ್ಷರ ಮುಟ್ಟಬ್ಯಾಡ್ರಿ. ಬರೋ ಮುಖ್ಯ ಪಾವಣ್ಯಾನ ಲೇಖನಕ್ಕ ಕತ್ರಿ ಹಾಕ್ತೀರೇನು? ಅದೂ ಒಬ್ಬ ಮಾವಶಿ ಮಾತು ಕೇಳಿ? ನೀವು ಇನ್ನೂ ಪರ್ಮನೆಂಟ್ ಆಗಿಲ್ಲ, ಲಕ್ಷ್ಯದಾಗಿರ್ಲಿ,” ಎಂದರು.

ನಾನು ಒಂದು ಗಂಟೆ ವಾದಿಸಿದೆ ಎಂದು ನನ್ನ ನೆನಪು. ಮರ, ಎತ್ತರ, ಸಲಿಕೆ, ಹಗ್ಗ ಎಲ್ಲ ಹೇಳಿದೆ, ಧ್ವನಿ ಏರಿಸಿದೆ, ಎದ್ದು ಬಂದೆ. ಆ ದಿನದ ದಿನಚರಿ ತೆಗೆದರೆ ಹೀಗಿದೆ: ‘ಅಧ್ಯಕ್ಷರನ್ನು ಕಂಡೆ. ಆಗಲಿಲ್ಲ. ಛಾಪಖಾನೆಗೆ ಒಪ್ಪಿಗೆ ಕೊಟ್ಟೆ. ಬರುವಾಗ ಮೆಂತ್ಯ, ಅರ್ಧ ಪಾವು ಚಹಾಪುಡಿ.’ ವಾದಿಸಿದವಳು ಮೆಂತ್ಯದ ಲೆಕ್ಕ ಬರೆಯುತ್ತಾಳೆಯೇ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ಸಂಚಿಕೆಯ ಕಟ್ಟುಗಳನ್ನು ಛಾಪಖಾನೆಯಿಂದ ಹೊತ್ತು ತಂದವಳು ಮಾವಶಿಯೇ. ಇಳಿಸಿ, ಬೆವರು ಒರೆಸಿಕೊಂಡು, “ತಗದ್ರೇನ್ರಿ?” ಎಂದಳು.

“ಇಲ್ಲ.”

ಆಕೆ ಕಾರಣ ಕೇಳಲಿಲ್ಲ. ಒಂದು ಪ್ರತಿ ಎಳೆದುಕೊಂಡು, “ಎಲ್ಲಿ ಐತಿ, ತೋರಸ್ರಿ,” ಎಂದಳು. ಪುಟ ತೆರೆದು, ಆಕೆಯ ಬೆರಳು ಹಿಡಿದು ಸಾಲಿನ ಮೇಲಿಟ್ಟೆ.

“ಇಲ್ಲಿಂದ ಇಲ್ಲೀತನಕ?”

“ಹೌದು.”

ಏತಕ್ಕೆ ಕೇಳುತ್ತಿದ್ದಾಳೆಂದು ನನಗೆ ಹೊಳೆಯಲಿಲ್ಲ ಎಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಆದರೆ ಶಾಲೆಯ ಶಾಯಿಯ ಬಾಟಲಿ, ಕುಂಚ, ಮರದ ಅಡಿಪಟ್ಟಿ ಇರುವ ಕಪಾಟಿನ ಕೀಲಿ ನನ್ನ ಮೇಜಿನ ಮೇಲೆ ಇತ್ತು. ಅದನ್ನು ಅಲ್ಲೇ ಬಿಟ್ಟು ಮನೆಗೆ ಹೋದೆ.

ಮರುದಿನ ಸಮಾರಂಭ. ಹಂಚುವಾಗ ಗೊತ್ತಾಯಿತು: ಒಂದೂ ಬಿಡದೆ ಎಲ್ಲ ಪ್ರತಿಗಳಲ್ಲೂ ಐದನೆಯ ಪುಟದ ಒಂದೂವರೆ ಸಾಲು ಕಪ್ಪಾಗಿತ್ತು. ಅಡಿಪಟ್ಟಿ ಇಟ್ಟು ಎಳೆದದ್ದು. ಹಿಂದಿನ ಅಕ್ಷರಕ್ಕೂ ಮುಂದಿನ ಅಕ್ಷರಕ್ಕೂ ಶಾಯಿ ತಗುಲಿರಲಿಲ್ಲ. ಮರು ಅಚ್ಚಿಗೆ ಹೊತ್ತಿರಲಿಲ್ಲ, ಅದನ್ನೇ ಹಂಚಿದರು. ಎಂಜಿನಿಯರು ವೇದಿಕೆಯ ಮೇಲೆ ಆ ಪುಟ ತೆರೆದರು, ನೋಡಿದರು, ಮುಚ್ಚಿದರು. ಮಾರ್ಗದ ಪ್ರಕೃತಿ ಸೌಂದರ್ಯದ ಬಗ್ಗೆ ಮಾತಾಡಿದರು.

ಎರಡು ದಿನದ ಮೇಲೆ ಸಂಘದ ಆಡಳಿತ ಮಂಡಳಿ ಕೂತಿತು. ಅಕ್ಷರ ಚೆನ್ನಾಗಿದೆ ಎಂದು ನಡಾವಳಿ ಬರೆಯಲು ನನ್ನನ್ನು ಕರೆದರು. ಮಾವಶಿಯನ್ನು ಬಾಗಿಲ ಹತ್ತಿರ ನಿಲ್ಲಿಸಿದರು.

“ಈ ಸಾಲು ನಿನಗ ಯಾರು ತೋರಿಸಿದ್ರು?” ಅಧ್ಯಕ್ಷರ ಪ್ರಶ್ನೆ ಇದೊಂದೇ. ಕೇಳುವಾಗ ಅವರು ಆಕೆಯನ್ನು ನೋಡಲಿಲ್ಲ, ನನ್ನನ್ನು ನೋಡಿದರು.

“ಯಾರೂ ಇಲ್ರಿ. ನಾನ ಓದಿದೆ.”

ಕೋಣೆಯಲ್ಲಿ ನಗು ಎದ್ದಿತು. “ಹೆಬ್ಬಟ್ಟು ಒತ್ತಿ ಪಗಾರ ತಗೊಳ್ಳಾಕಿ ಓದಿದ್ಯಾ?” ಎಂದು ಅಧ್ಯಕ್ಷರು ಒಂದು ಪ್ರತಿಯನ್ನು ಮೇಜಿನ ತುದಿಗೆ ತಳ್ಳಿದರು. “ಓದು ನೋಡೋಣ.”

ಆಕೆ ಬಂದು ಪುಸ್ತಕ ತೆಗೆದುಕೊಂಡಳು. ಐದನೆಯ ಪುಟ ಹುಡುಕಲು ತಡವಾಗಲಿಲ್ಲ. ಕೈ ಅಷ್ಟು ಸಲ ಅದನ್ನು ತೆರೆದಿತ್ತು. ಕಪ್ಪು ಪಟ್ಟಿಯ ಮೊದಲಿಗೆ ಬೆರಳಿಟ್ಟು ಓದತೊಡಗಿದಳು. ಹೆಸರುಗಳು. ಗಂಡಸಿನದೊಂದು, ಹೆಂಗಸಿನದೊಂದು, ಮತ್ತೆ ಗಂಡಸಿನದು, ಮತ್ತೆ ಹೆಂಗಸಿನದು. ಎಲ್ಲಿಯೂ ತಡೆಯದೆ, ಬೆರಳನ್ನು ಒಂದೇ ಸಮನೆ ಸರಿಸುತ್ತ, ಹದಿನಾಲ್ಕು ಹೆಸರು. ಗಂಡನ ಹೆಸರನ್ನು ಬಾಯಲ್ಲಿ ಹೇಳದ ಮಂದಿ ಅವರು. ಅವುಗಳಲ್ಲಿ ಅವನದು ಯಾವುದು ಎಂದು ದನಿಯಿಂದ ಗೊತ್ತಾಗಲಿಲ್ಲ. ಕೊನೆಗೆ, “ಇವ್ರು ಹುಕುಂ ಆಗಿ ಹ್ವಾದ್ರು. ಬರ್ಫನ್ಯಾಗ ಸತ್ತ್ರು. ಇಷ್ಟ ಬರದೈತ್ರಿ,” ಎಂದು ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟಳು.

ಯಾರೂ ನಗಲಿಲ್ಲ. ಆ ಕೋಣೆಯಲ್ಲಿ ಆಕೆಗೆ ಸಾಲು ತೋರಿಸಿದವಳು ಯಾರೆಂದು ಗೊತ್ತಿದ್ದವರು ಇಬ್ಬರು. ಒಬ್ಬಳು ಹೇಳಬಾರದೆಂದು ಓದು ಬರುತ್ತದೆ ಎಂದಳು. ಇನ್ನೊಬ್ಬಳು ತಲೆ ಬಗ್ಗಿಸಿ ಕೂತಿದ್ದಳು.

“ಬರೀರಿ ಬಾಯಿ,” ಎಂದರು ಅಧ್ಯಕ್ಷರು. “ಸಿಪಾಯಿಯು ತನ್ನ ತಪ್ಪನ್ನು ಒಪ್ಪಿಕೊಂಡು, ಸ್ವ ಇಚ್ಛೆಯಿಂದ ಕೆಲಸ ಬಿಡುತ್ತಿದ್ದಾಳೆ.”

ಬರೆದೆ. ಆಗ ನನ್ನ ಕೈ ನಡುಗಿತ್ತು ಎಂದು ಇಷ್ಟು ವರ್ಷ ನಂಬಿದ್ದೆ. ಕಳೆದ ವಾರ ಸಂಘದ ಕಚೇರಿಗೆ ಹೋಗಿ ಆ ನಡಾವಳಿ ಪುಸ್ತಕ ತೆಗೆಸಿ ನೋಡಿದೆ. ಅಕ್ಷರ ಮುತ್ತಿನ ಹಾಗಿದೆ. ಒಂದು ಕಡೆಯೂ ಚಿತ್ತಿಲ್ಲ. ಆ ವರ್ಷವೇ ನಾನು ಪರ್ಮನೆಂಟ್ ಆದೆ.

ಆಕೆ ಓದಿದ ಹೆಸರುಗಳಲ್ಲಿ ನನಗೆ ಖಚಿತವಾಗಿ ನೆನಪಿರುವುದು ಆರು: ಸಿದ್ರಾಮ, ದೇವಕ್ಕ, ಭೀಮಶ್ಯಾ, ಕಾಶೀಬಾಯಿ, ಹಣಮಂತ, ಮಲ್ಲವ್ವ. ಇನ್ನೂ ಎಂಟನ್ನು ಆ ಸೀಮೆಯ ಹೆಸರುಗಳಿಂದ ಹೊಂದಿಸಿ ತುಂಬಿಸುವುದು ನನಗೆ ಕಷ್ಟವಲ್ಲ, ಯಾರೂ ಹಿಡಿಯಲಾರರು. ತುಂಬಿಸುವುದಿಲ್ಲ. ಅವನ್ನು ಬರೆದುಕೊಳ್ಳಬಹುದಾಗಿದ್ದ ಗಳಿಗೆ ಒಂದೇ ಒಂದಿತ್ತು. ಆಗ ಆ ಕೋಣೆಯಲ್ಲಿ ಕೈಯಲ್ಲಿ ಪೆನ್ನು ಹಿಡಿದಿದ್ದವಳು ನಾನೊಬ್ಬಳೇ.